ಪಿಎಚ್‌ಪಿಬಿಬಿ 3.3: ಪ್ರೊಸಿಲ್ವರ್ ಥೀಮ್ ಕನ್ನಡಕ್ಕೆ ಹೊಂದಿಸಬೇಕು. ಒತ್ತಕ್ಷರ ಕತ್ತರಿಸುತ್ತಿದೆ, ಹೆಡರ್ ಬಣ್ಣ ಬದಲಾಗುತ್ತಿಲ್ಲ

ತೋಟದಂಚು (ಶಿರಸಿ)

ನಮಸ್ಕಾರ. ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ಅಡಿಕೆ ಬೆಳೆಗಾರರ ಚರ್ಚಾತಾಣ ಒಂದಿದೆ. ತಂತ್ರಾಂಶ ಪಿಎಚ್‌ಪಿಬಿಬಿ 3.3, ಷೇರ್ಡ್ ಹೋಸ್ಟಿಂಗ್ (ಹಲವರು ಹಂಚಿಕೊಳ್ಳುವ ಸರ್ವರ್), ಅದರ ನಿರ್ವಹಣೆಗೆ ಸಿಪ್ಯಾನೆಲ್. ಥೀಮ್ ಸದ್ಯಕ್ಕೆ ಜೊತೆಗೇ ಬಂದ ಪ್ರೊಸಿಲ್ವರ್. ‘ಮಾರುಕಟ್ಟೆ ದರ’, ‘ಕೊಳೆರೋಗ ಮತ್ತು ಬೋರ್ಡೋ’, ‘ಎಲೆಚುಕ್ಕಿ ರೋಗ’, ‘ಕಾಳುಮೆಣಸು’, ‘ಕೊನೆಕೊಯ್ಲು’ ಎಂದು ವಿಭಾಗಗಳಿವೆ. ಬರಹವೆಲ್ಲ ಕನ್ನಡದಲ್ಲೇ. ಓದುವವರಲ್ಲಿ ಹೆಚ್ಚಿನವರು ಫೋನಿನಲ್ಲಿ ಓದುತ್ತಾರೆ, ಅದರಲ್ಲೂ ಹಿರಿಯರು ಜಾಸ್ತಿ.

ತೊಂದರೆ ಇಷ್ಟು. ನೀಲಿ ಹೆಡರನ್ನು ಹಸಿರು ಮಾಡಲು ಬ್ಯಾಕ್‌ಗ್ರೌಂಡ್-ಕಲರ್ ಬದಲಿಸಿದರೂ ನೀಲಿಯೇ ಕಾಣುತ್ತದೆ. ‘ತಟ್ಟಿಬೆಟ್ಟೆ’, ‘ಹೊನ್ನಾವರ’, ‘ರಾಷ್ಟ್ರೀಯ’ ತರದ ಪದಗಳಲ್ಲಿ ಕೆಳಗಿನ ಒತ್ತು ಅರ್ಧಕ್ಕೆ ಕತ್ತರಿಸಿ ಹೋಗುತ್ತದೆ, ಇಲ್ಲವೇ ಮುಂದಿನ ಸಾಲಿಗೆ ತಾಗುತ್ತದೆ. ಮುಖಪುಟದ ‘ಕೊನೆಯ ಪೋಸ್ಟ್’ ಕಾಲಂನಲ್ಲಿ ಶೀರ್ಷಿಕೆ ಎಲ್ಲೆಂದರಲ್ಲಿ ತುಂಡಾಗಿ ‘ಯಲ್ಲಾಪುರ ಕೆಂಪುಗೋಟು ಮತ್ತು ಬೆಟ್…’ ಎಂದು ಬರುತ್ತದೆ. ಜೊತೆಗೆ ಎಲ್ಲಾ ಪುಟಗಳ ತಲೆಯಲ್ಲಿ ಒಂದು ಸೂಚನಾ ಪಟ್ಟಿ ಬೇಕು. ಮಳೆಗಾಲದಲ್ಲಿ ಬೋರ್ಡೋ ಸಿಂಪಡಣೆಯ ಮಾಹಿತಿಗೆ, ಕೊಯ್ಲಿನ ಹೊತ್ತಿಗೆ ದರದ ಪುಟಕ್ಕೆ ಅಲ್ಲಿಂದ ಲಿಂಕ್ ಕೊಡಬೇಕು. ಇದೆಲ್ಲ ಮಾಡಿದ ಮೇಲೆ 3.3ರ ಮುಂದಿನ ಅಪ್‌ಡೇಟ್ ಹಾಕಿದಾಗ ಮಾಡಿದ್ದು ಅಳಿದುಹೋಗಬಾರದು. ಎಲ್ಲಿಂದ ಶುರು ಮಾಡಬೇಕು?

ಕೂರ್ಮಗಡ (ಕಾರವಾರ)

ಕೊನೆಯ ಪ್ರಶ್ನೆಯಿಂದಲೇ ಶುರು ಮಾಡಿ. ಪ್ರೊಸಿಲ್ವರ್ ಫೋಲ್ಡರಿನ ಒಂದು ಫೈಲನ್ನೂ ಮುಟ್ಟಬೇಡಿ. ಅಪ್‌ಡೇಟ್ ಪ್ಯಾಕೇಜ್ ಆ ಫೋಲ್ಡರಿನ ಮೇಲೆಯೇ ಬಂದು ಕೂರುತ್ತದೆ. ನಿಮಗೆ ಬೇಕಾದದ್ದು ಪ್ರೊಸಿಲ್ವರನ್ನು ತಾಯಿಯಾಗಿ ಹೊಂದಿದ ಮರಿ ಸ್ಟೈಲ್.

ಸ್ಟೈಲ್ಸ್ ಫೋಲ್ಡರಿನಲ್ಲಿ, ಪ್ರೊಸಿಲ್ವರಿನ ಪಕ್ಕದಲ್ಲೇ, ‘ಅಡಿಕೆ’ ಎಂದು ಇಂಗ್ಲಿಷ್ ಸಣ್ಣ ಅಕ್ಷರಗಳಲ್ಲಿ ಒಂದು ಫೋಲ್ಡರ್ ಮಾಡಿ. ಒಳಗೆ ಪ್ರೊಸಿಲ್ವರಿನ ಸ್ಟೈಲ್.ಸಿಎಫ್‌ಜಿ ಪ್ರತಿ ಮಾಡಿಕೊಂಡು ಎರಡು ಸಾಲು ಬದಲಿಸಿ: ‘ನೇಮ್’ ಎದುರು ನಿಮ್ಮ ಥೀಮಿನ ಹೆಸರು, ‘ಪೇರೆಂಟ್’ ಎದುರು ಪ್ರೊಸಿಲ್ವರ್. ಪೇರೆಂಟ್ ಸಾಲಿನ ಮುಂದೆ ಕಾಮೆಂಟಿನ ಹ್ಯಾಶ್ (#) ಗುರುತು ಇದ್ದರೆ ತೆಗೆಯಿರಿ. ಅದು ಉಳಿದುಕೊಂಡರೆ ತಾಯಿಯ ಟೆಂಪ್ಲೇಟುಗಳು (ಪುಟದ ಅಚ್ಚುಗಳು) ಸಿಗುವುದಿಲ್ಲ, ಪುಟ ತೆರೆಯುವುದೇ ಇಲ್ಲ. ಆಮೇಲೆ ‘ಥೀಮ್’ ಫೋಲ್ಡರ್, ಅದರಲ್ಲಿ ಸ್ಟೈಲ್‌ಶೀಟ್.ಸಿಎಸ್‌ಎಸ್ (ಪುಟದ ಬಣ್ಣ, ಅಳತೆಗಳ ನಿಯಮ ಬರೆಯುವ ಫೈಲ್). ಈ ಫೈಲಿನ ಮೊದಲ ಸಾಲುಗಳು ಪ್ರೊಸಿಲ್ವರಿನ ಸಿಎಸ್‌ಎಸ್ ಫೈಲುಗಳ ಇಂಪೋರ್ಟ್ ಆಗಿರಬೇಕು. ಇಂಪೋರ್ಟ್ ಯಾವತ್ತೂ ಎಲ್ಲಕ್ಕಿಂತ ಮೇಲೆ. ಅದರ ಮುಂಚೆ ಒಂದೇ ಒಂದು ನಿಯಮ ಬರೆದರೂ ಬ್ರೌಸರ್ ಇಂಪೋರ್ಟನ್ನು ಗಣನೆಗೆ ತೆಗೆದುಕೊಳ್ಳುವುದಿಲ್ಲ, ಇಡೀ ತಾಣ ಬತ್ತಲೆ ಎಚ್‌ಟಿಎಮ್‌ಎಲ್ ಆಗಿ ಕಾಣುತ್ತದೆ.

ಅಷ್ಟಾದರೆ ಅಡ್ಮಿನ್ ಪ್ಯಾನೆಲ್‌ನ ಕಸ್ಟಮೈಸ್ ಟ್ಯಾಬಿನಲ್ಲಿ ‘ಇನ್‌ಸ್ಟಾಲ್ ಸ್ಟೈಲ್ಸ್’ ಕೆಳಗೆ ನಿಮ್ಮದು ಕಾಣುತ್ತದೆ. ಇನ್‌ಸ್ಟಾಲ್ ಮಾಡಿ ‘ಪ್ರಿವ್ಯೂ’ ಲಿಂಕಿನಲ್ಲಿ ನೋಡಿ. ಎಲ್ಲಾ ಸರಿಯಾದ ಮೇಲೆ ಬೋರ್ಡ್ ಸೆಟ್ಟಿಂಗ್ಸ್‌ನಲ್ಲಿ ಡೀಫಾಲ್ಟ್ ಮಾಡಿ, ‘ಓವರ್‌ರೈಡ್ ಯೂಸರ್ ಸ್ಟೈಲ್’ ಯೆಸ್ ಇಡಿ. ಇದನ್ನು ಮರೆತರೆ ಹಳೆಯ ಸದಸ್ಯರಿಗೆ ಪ್ರೊಸಿಲ್ವರೇ ಕಾಣುತ್ತಿರುತ್ತದೆ, ಏಕೆಂದರೆ ಪ್ರತಿ ಸದಸ್ಯರ ಸ್ಟೈಲ್ ಅವರವರ ಖಾತೆಯಲ್ಲೇ ದಾಖಲಾಗಿರುತ್ತದೆ. ‘ನಂಗೆ ನೀಲಿನೇ ಕಾಣ್ತದೆ’ ಎಂಬ ದೂರು ಬಹಳ ಸಲ ಇಷ್ಟಕ್ಕೇ.

ಈಗ ಹೆಡರ್ ಬಣ್ಣ. ಪ್ರೊಸಿಲ್ವರಿನ ಕಲರ್ಸ್.ಸಿಎಸ್‌ಎಸ್‌ನಲ್ಲಿ ‘ಹೆಡರ್‌ಬಾರ್’ ಮತ್ತು ‘ಫೋರಂಬಿಜಿ’ ಕ್ಲಾಸುಗಳಿಗೆ ಬಣ್ಣದ ಮೇಲೆ ಒಂದು ಲೀನಿಯರ್-ಗ್ರೇಡಿಯಂಟ್ ಇದೆ. ಗ್ರೇಡಿಯಂಟ್ ಎಂದರೆ ಸಿಎಸ್‌ಎಸ್ ಲೆಕ್ಕದಲ್ಲಿ ಚಿತ್ರ. ಅದು ಬ್ಯಾಕ್‌ಗ್ರೌಂಡ್-ಕಲರ್ ಮೇಲೆ ಹಾಸಿಕೊಂಡಿರುತ್ತದೆ. ನೀವು ಕೆಳಗಿನ ಬಣ್ಣ ಬದಲಿಸಿದ್ದೀರಿ, ಮೇಲಿನ ಹಾಸು ಹಾಗೇ ಇದೆ. ಬ್ಯಾಕ್‌ಗ್ರೌಂಡ್-ಇಮೇಜ್ ‘ನನ್’ ಎಂದು ಬರೆದು ಆಮೇಲೆ ಬಣ್ಣ ಕೊಡಿ. ‘ಫೋರಾಬಿಜಿ’ ಕ್ಲಾಸಿಗೆ ಬೇರೆ ಗ್ರೇಡಿಯಂಟ್ ಇದೆ, ಅಲ್ಲೂ ಇದೇ ಕೆಲಸ. ಹೆಸರು ಒಂದೇ ಥರ ಕಂಡರೂ ಎರಡೂ ಬೇರೆ: ಫೋರಾಬಿಜಿ ಮುಖಪುಟದ ವಿಭಾಗಗಳ ಪೆಟ್ಟಿಗೆ, ಫೋರಂಬಿಜಿ ವಿಭಾಗದ ಒಳಗಿನ ವಿಷಯಗಳ ಪೆಟ್ಟಿಗೆ. ನೀಲಿ ಅಷ್ಟಕ್ಕೇ ಮುಗಿಯುವುದಿಲ್ಲ. ‘ನ್ಯಾವ್‌ಬಾರ್’, ‘ಬಿಜಿ1’, ‘ಬಿಜಿ2’ ಮೂರಕ್ಕೂ ತಿಳಿನೀಲಿ ಇದೆ, ಲಿಂಕುಗಳಿಗೆ ಕಡುನೀಲಿ. ಇವನ್ನು ಬಿಟ್ಟರೆ ಹಸಿರು ಹೆಡರಿನ ಕೆಳಗೆ ನೀಲಿ ಪಟ್ಟೆಗಳು ಉಳಿದು ಅರೆಬರೆ ಕಾಣುತ್ತದೆ. ಹಸಿರಿಗೆ ಆರ್‌ಜಿಬಿ 0, 85, 45ರ ಆಸುಪಾಸು ಹಿಡಿದರೆ ಬಿಳಿ ಅಕ್ಷರ ಬಿಸಿಲಲ್ಲೂ ಓದಲು ಬರುತ್ತದೆ. ಎಳೆಹಸಿರಿನ ಮೇಲೆ ಬಿಳಿ ಅಕ್ಷರ ಇಟ್ಟರೆ ಅಡಿಕೆ ಒಣಹಾಕಿದ ಅಂಗಳದಲ್ಲಿ ನಿಂತು ಫೋನ್ ನೋಡುವವರಿಗೆ ಏನೂ ಕಾಣುವುದಿಲ್ಲ. ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರ ಕಾಂಟ್ರಾಸ್ಟ್ ಇರಲಿ.

ಲೋಗೋ ಬದಲಿಸುವುದಾದರೆ ‘ಸೈಟ್_ಲೋಗೋ’ ಕ್ಲಾಸಿಗೆ 149 ಪಿಕ್ಸೆಲ್ ಅಗಲ, 52 ಪಿಕ್ಸೆಲ್ ಎತ್ತರ ನಿಗದಿಯಾಗಿದೆ. ಚಿತ್ರ ಮಾತ್ರ ಬದಲಿಸಿದರೆ ಅದು ಆ ಅಳತೆಯಲ್ಲೇ ಕತ್ತರಿಸುತ್ತದೆ. ಅಗಲ, ಎತ್ತರ ಎರಡನ್ನೂ ಬರೆದು, ಬ್ಯಾಕ್‌ಗ್ರೌಂಡ್-ಸೈಜ್ ‘ಕಂಟೇನ್’ ಕೊಡಿ. ಲೋಗೋ ಎಸ್‌ವಿಜಿ ಆಗಿದ್ದು ಅದರಲ್ಲಿ ಕನ್ನಡ ಅಕ್ಷರ ಇದ್ದರೆ ಇಂಕ್‌ಸ್ಕೇಪ್‌ನಲ್ಲಿ ‘ಆಬ್ಜೆಕ್ಟ್ ಟು ಪಾತ್’ ಮಾಡಿಯೇ ಉಳಿಸಿ. ಹಿನ್ನೆಲೆ ಚಿತ್ರವಾಗಿ ಬಂದ ಎಸ್‌ವಿಜಿ ಹೊರಗಿನ ಫಾಂಟನ್ನು ತರಲಾರದು, ನೋಡುವವರ ಸಾಧನದಲ್ಲಿ ಇರುವ ಯಾವುದೋ ಕನ್ನಡ ಫಾಂಟಿನಲ್ಲಿ ಕಾಣುತ್ತದೆ.

ಅಘನಾಶಿನಿ (ಕುಮಟೆ)

ಬಣ್ಣದ್ದು ಮೇಲಿನವರು ಪೂರ್ತಿ ಹೇಳಿದ್ದಾರೆ. ಒತ್ತಕ್ಷರದ್ದು ನಾನು ಹೇಳುತ್ತೇನೆ. ಕನ್ನಡದ ತಾಣಕ್ಕೆ ಬಣ್ಣಕ್ಕಿಂತ ಇದು ದೊಡ್ಡ ವಿಷಯ. ಹೆಡರ್ ನೀಲಿ ಇದ್ದರೂ ಓದಬಹುದು, ಒತ್ತು ಹೋದರೆ ‘ಬೆಟ್ಟೆ’ ‘ಬೆಟೆ’ ಆಗುತ್ತದೆ.

ಪ್ರೊಸಿಲ್ವರ್ ಇಂಗ್ಲಿಷ್ ಅಕ್ಷರದ ಅಳತೆಗೆ ಕಟ್ಟಿದ ಥೀಮ್. ಬಾಡಿಗೆ 10 ಪಿಕ್ಸೆಲ್, ಪೋಸ್ಟಿನ ಬರಹಕ್ಕೆ ಅದರ 1.3 ಪಟ್ಟು, ಅಂದರೆ 13 ಪಿಕ್ಸೆಲ್. ಸಾಲಿನ ಎತ್ತರ 1.4 ಎಮ್, ಅಂದರೆ ಅಕ್ಷರದ ಅಳತೆಯ 1.4 ಪಟ್ಟು. ಇಂಗ್ಲಿಷಿನಲ್ಲಿ ಗೆರೆಯ ಕೆಳಗೆ ಇಳಿಯುವುದು ಎಂದರೆ ವೈ, ಜಿ ತರದ ಅಕ್ಷರಗಳ ಬಾಲ ಅಷ್ಟೆ. ಕನ್ನಡದಲ್ಲಿ ಒಂದು ಇಡೀ ವ್ಯಂಜನ ಕೆಳಗೆ ಕೂರುತ್ತದೆ, ‘ಷ್ಟ್ರ’, ‘ಸ್ತ್ರೀ’, ‘ಕ್ಷ್ಮೀ’ಗಳಲ್ಲಿ ಎರಡು. ಮೇಲ್ಗಡೆ ಗುಡಿಸು, ಏತ್ವ ಬೇರೆ. ಹಾಗಾಗಿ ‘ಕಂಟೆಂಟ್’ ಕ್ಲಾಸಿಗೆ ಫಾಂಟ್-ಸೈಜ್ 1.6 ಎಮ್ ಕೊಡಿ (16 ಪಿಕ್ಸೆಲ್ ಆಗುತ್ತದೆ), ಲೈನ್-ಹೈಟ್ 1.7. ಈ 1.7ರ ಮುಂದೆ ಎಮ್ ಹಾಕಬೇಡಿ, ಬರೀ ಅಂಕೆ ಇರಲಿ. ಎಮ್ ಹಾಕಿದರೆ ಆ ಜಾಗದಲ್ಲೇ ಲೆಕ್ಕ ಕಟ್ಟಿ ಬಂದ ಪಿಕ್ಸೆಲ್ ಅಳತೆ ಒಳಗಿನ ಅಂಶಗಳಿಗೂ ಹಾಗೇ ಇಳಿಯುತ್ತದೆ. ಒಳಗೆ ದೊಡ್ಡ ಅಕ್ಷರದ ತಲೆಬರಹ ಬಂದರೆ ಸಾಲುಗಳು ಒಂದರ ಮೇಲೊಂದು ಹತ್ತುತ್ತವೆ. ಬರೀ ಅಂಕೆಯಾದರೆ ಪ್ರತಿ ಅಂಶವೂ ತನ್ನ ಅಕ್ಷರದ ಅಳತೆಗೆ ತಾನೇ ಗುಣಿಸಿಕೊಳ್ಳುತ್ತದೆ.

ಕತ್ತರಿಸುವುದಕ್ಕೆ ಕಾರಣ ಬೇರೆ. ‘ಕಂಟೆಂಟ್’ ಕ್ಲಾಸಿಗೆ ಓವರ್‌ಫ್ಲೋ ‘ಹಿಡನ್’ ಇದೆ. ಪೋಸ್ಟಿನ ಕೊನೆಯ ಸಾಲಿನಲ್ಲಿ ‘ರಾಷ್ಟ್ರೀಯ’ ಬಂದರೆ ಪೆಟ್ಟಿಗೆಯ ಅಂಚಿನ ಕೆಳಗೆ ಇಳಿದ ಒತ್ತು ಕಾಣದೆ ಹೋಗುತ್ತದೆ. ಪ್ಯಾಡಿಂಗ್-ಬಾಟಮ್ 0.4 ಎಮ್ ಕೊಟ್ಟರೆ ಸಾಕು. ಓವರ್‌ಫ್ಲೋ ತೆಗೆಯಲು ಹೋಗಬೇಡಿ, ದೊಡ್ಡ ಫೋಟೋಗಳು ಪೆಟ್ಟಿಗೆಯಿಂದ ಹೊರಗೆ ಬರುತ್ತವೆ. ಇದೇ ತೊಂದರೆ ಪಟ್ಟಿಗಳ ತಲೆಸಾಲಿನಲ್ಲೂ ಇದೆ: ‘ಎಲ್‌ಐ.ಹೆಡರ್’ ಒಳಗಿನ ಡಿಟಿ, ಡಿಡಿಗಳಿಗೆ ಲೈನ್-ಹೈಟ್ ಬರೀ 1 ಎಮ್. ಅಲ್ಲಿ 1.6 ಮಾಡಿ. ‘ಬಟನ್’ ಕ್ಲಾಸಿಗೆ 1.4 ಇದೆ, ‘ಉತ್ತರಿಸಿ’ಯ ತಾವೊತ್ತು ಬಟನ್ನಿನ ಅಂಚಿಗೆ ತಾಗುತ್ತದೆ. ಅಲ್ಲಿ 1.7, ಮೇಲೆ ಕೆಳಗೆ 3 ಪಿಕ್ಸೆಲ್ ಪ್ಯಾಡಿಂಗ್.

ಫಾಂಟ್ ವಿಷಯಕ್ಕೆ ಬಂದರೆ, ಬಾಡಿಗೆ ಮಾತ್ರ ಫಾಂಟ್-ಫ್ಯಾಮಿಲಿ ಬರೆದು ಕೂತರೆ ಕೆಲಸ ಆಗುವುದಿಲ್ಲ. ಪ್ರೊಸಿಲ್ವರ್ ತಲೆಬರಹಗಳಿಗೆ, ಕಂಟೆಂಟಿಗೆ, ‘ಫೋರಂಟೈಟಲ್’, ‘ಟಾಪಿಕ್‌ಟೈಟಲ್’ ಲಿಂಕುಗಳಿಗೆ, ಬಟನ್ನಿಗೆ, ಬರೆಯುವ ಪೆಟ್ಟಿಗೆಗೆ ಬೇರೆ ಬೇರೆ ಫಾಂಟ್ ಹೇಳಿದೆ: ವರ್ಡಾನಾ, ಟ್ರೆಬುಶೆ, ಲುಸಿಡಾ. ಇವ್ಯಾವುದರಲ್ಲೂ ಕನ್ನಡ ಇಲ್ಲ, ಹಾಗಾಗಿ ಬ್ರೌಸರ್ ತನಗೆ ಸಿಕ್ಕಿದ್ದನ್ನು ಹಾಕುತ್ತದೆ. ವಿಂಡೋಸ್ 8ರಿಂದ ನಿರ್ಮಲಾ ಯುಐ, ಹಳೆಯದರಲ್ಲಿ ತುಂಗಾ, ಆಂಡ್ರಾಯ್ಡ್‌ನಲ್ಲಿ ನೋಟೋ ಸ್ಯಾನ್ಸ್ ಕನ್ನಡ. ತುಂಗಾ ಅದೇ ಅಳತೆಯಲ್ಲಿ ಸಣ್ಣದಾಗಿ ಕಾಣುವ ಫಾಂಟ್. ಹಾಗಾಗಿ ಮೇಲೆ ಹೇಳಿದ ಎಲ್ಲಾ ಸೆಲೆಕ್ಟರುಗಳನ್ನೂ ಒಂದೇ ನಿಯಮದಲ್ಲಿ ಸೇರಿಸಿ ನೋಟೋ ಸ್ಯಾನ್ಸ್ ಕನ್ನಡ, ನಿರ್ಮಲಾ ಯುಐ, ತುಂಗಾ, ಸ್ಯಾನ್ಸ್-ಸೆರಿಫ್ ಎಂದು ಸಾಲಾಗಿ ಕೊಡಿ.

ವೆಬ್‌ಫಾಂಟ್ ಹಾಕುವುದಾದರೆ ಮೂರು ಜಾಗದಲ್ಲಿ ಕೈಕೊಡುತ್ತದೆ. ಒಂದು, ಟಾಪಿಕ್‌ಟೈಟಲ್ ಬೋಲ್ಡ್ ಆಗಿರುವುದರಿಂದ 400ರ ತೂಕದ ಫೈಲ್ ಮಾತ್ರ ಕೊಟ್ಟರೆ ಬ್ರೌಸರ್ ತಾನೇ ದಪ್ಪ ಮಾಡುತ್ತದೆ. ಆಗ ಸಣ್ಣ ಒತ್ತುಗಳ ಒಳಗಿನ ಸಂದಿ ಮುಚ್ಚಿ ಮಸಿ ಚುಕ್ಕೆಯಂತೆ ಕಾಣುತ್ತವೆ. 600 ಅಥವಾ 700ರ ಫೈಲನ್ನೂ ಕೊಡಿ, ಇಲ್ಲವೇ ವೇರಿಯಬಲ್ ಫೈಲ್ ಬಳಸಿ. ಎರಡು, ಯೂನಿಕೋಡ್-ರೇಂಜ್ ಬರೆಯುವಾಗ ಕನ್ನಡದ ಬ್ಲಾಕ್ (ದಶಮಾನದಲ್ಲಿ 3200ರಿಂದ 3327) ಮಾತ್ರ ಬರೆಯಬೇಡಿ. 8204 ಮತ್ತು 8205, ಅಂದರೆ ಜೀರೋ ವಿಡ್ತ್ ನಾನ್-ಜಾಯ್ನರ್ ಮತ್ತು ಜಾಯ್ನರ್, ಇವೂ ಬೇಕು. ಇಲ್ಲದಿದ್ದರೆ ‘ಸಾಫ್ಟ್‌ವೇರ್’ನಂಥ ಪದ ನಡುವೆ ಬೇರೆ ಫಾಂಟಿಗೆ ಜಿಗಿದು ಬರಬಹುದು. ದರದ ಪಟ್ಟಿ ಇರುವ ತಾಣವಾದ್ದರಿಂದ ರೂಪಾಯಿ ಚಿಹ್ನೆ 8377 ಕೂಡ ಸೇರಿಸಿ. ಸಿಎಸ್‌ಎಸ್‌ಗೆ ಈ ಸಂಖ್ಯೆಗಳನ್ನು ಹೆಕ್ಸಿಗೆ ಬದಲಿಸಿ ಬರೆಯಬೇಕು. ಮೂರು, ಫಾಂಟ್ ಫೈಲನ್ನು ಸಣ್ಣದು ಮಾಡಲು ಯಾವುದೋ ಆನ್‌ಲೈನ್ ಕನ್ವರ್ಟರಿಗೆ ಹಾಕಿದರೆ ಕೆಲವು ಜಿಎಸ್‌ಯುಬಿ ಟೇಬಲ್ ಕಿತ್ತು ಹಾಕುತ್ತವೆ. ಒತ್ತು ಮೂಡಿಸುವ ನಿಯಮ ಇರುವುದೇ ಅದರಲ್ಲಿ. ಅದು ಹೋದರೆ ಒತ್ತು ಕೆಳಗಿಳಿಯದೆ ಎರಡು ವ್ಯಂಜನ ನಡುವೆ ಹಲಂತ ಇಟ್ಟುಕೊಂಡು ಅಕ್ಕಪಕ್ಕ ನಿಲ್ಲುತ್ತವೆ. ಫಾಂಟ್‌ಟೂಲ್ಸ್‌ನ ಪೈಎಫ್‌ಟಿಸಬ್‌ಸೆಟ್ ಬಳಸಿ, ಲೇಔಟ್-ಫೀಚರ್ಸ್ ಎದುರು ನಕ್ಷತ್ರ ಚಿಹ್ನೆ ಕೊಟ್ಟರೆ ಎಲ್ಲವೂ ಉಳಿಯುತ್ತದೆ.

ಇಟಾಲಿಕ್ಸ್ ಎಲ್ಲೆಲ್ಲಿ ಇದೆಯೋ ಅಲ್ಲಿ ನಾರ್ಮಲ್ ಮಾಡಿಬಿಡಿ. ನೋಟೋದ ಕನ್ನಡಕ್ಕೆ ಇಟಾಲಿಕ್ ಇಲ್ಲ, ಬ್ರೌಸರ್ ಸುಮ್ಮನೆ ಓರೆ ಮಾಡಿ ತೋರಿಸುತ್ತದೆ; ಒತ್ತು ತನ್ನ ಅಕ್ಷರದ ಕೆಳಗಿಂದ ಸರಿದು ಪಕ್ಕದ್ದರ ಕೆಳಗೆ ಇದ್ದಂತೆ ಕಾಣುತ್ತದೆ. ವರ್ಡ್-ಬ್ರೇಕ್ ‘ಬ್ರೇಕ್-ಆಲ್’ ಕೂಡ ಬೇಡ, ಸಣ್ಣ ಪರದೆಯಲ್ಲಿ ಒತ್ತಕ್ಷರದ ನಡುವೆಯೇ ಸಾಲು ಮುರಿಯುವ ಅಪಾಯವಿದೆ. ಉದ್ದದ ವೆಬ್ ವಿಳಾಸಗಳಿಗಾಗಿ ಓವರ್‌ಫ್ಲೋ-ರ‍್ಯಾಪ್ ‘ಬ್ರೇಕ್-ವರ್ಡ್’ ಸಾಕು.

ಪರೀಕ್ಷೆಗೆ ಒಂದು ಪೋಸ್ಟ್ ಮಾಡಿಟ್ಟುಕೊಳ್ಳಿ: ತಟ್ಟಿಬೆಟ್ಟೆ, ರಾಷ್ಟ್ರೀಯ, ಸ್ತ್ರೀ, ಲಕ್ಷ್ಮೀ, ಕರ್ಕಿ, ಭಟ್ಕಳ, ಸಿದ್ದಾಪುರ, ಕೃಷ್ಣ. ಇದೇ ಸಾಲನ್ನು ಶೀರ್ಷಿಕೆಗೂ ಹಾಕಿ. ಶೀರ್ಷಿಕೆ, ಬರಹ, ಉಲ್ಲೇಖ, ಬಟನ್ ಎಲ್ಲ ಕಡೆ ಇವು ಪೂರ್ತಿ ಕಂಡರೆ ಉಳಿದದ್ದೂ ಕಾಣುತ್ತದೆ.

ತೋಟದಂಚು (ಶಿರಸಿ)

ಇಬ್ಬರಿಗೂ ಧನ್ಯವಾದ. ಮರಿ ಸ್ಟೈಲ್ ಆಯಿತು, ಹಸಿರು ಬಂತು. ಲೈನ್-ಹೈಟ್ ಸರಿಮಾಡಿದ ಮೇಲೆ ಓದಲು ತುಂಬಾ ಹಿತವಾಗಿದೆ. ಆದರೆ ಒಂದು ಗೊಂದಲ. ನಿಯಮಗಳನ್ನು ಬೇರೆ ಇರಲಿ ಎಂದು ‘ಕನ್ನಡ.ಸಿಎಸ್‌ಎಸ್’ ಎಂಬ ಫೈಲಿನಲ್ಲಿ ಬರೆದು ಸ್ಟೈಲ್‌ಶೀಟಿನಿಂದ ಇಂಪೋರ್ಟ್ ಮಾಡಿದೆ. ಕ್ಯಾಶ್ ಪರ್ಜ್ ಮಾಡಿದರೂ (ತಾಣ ಸಂಗ್ರಹಿಸಿಟ್ಟ ಹಳೆಯ ಪ್ರತಿಗಳನ್ನು ಅಳಿಸಿದರೂ) ಕೆಲವರಿಗೆ ಹಳೆಯದೇ ಕಾಣುತ್ತಿದೆ. ಇನ್ನು ತುಂಡಾಗುವ ಶೀರ್ಷಿಕೆ ಮತ್ತು ಸೂಚನಾ ಪಟ್ಟಿ ಬಾಕಿ.

ಕೂರ್ಮಗಡ (ಕಾರವಾರ)

ಪರ್ಜ್ ಮಾಡಿದಾಗ ಪಿಎಚ್‌ಪಿಬಿಬಿ ಸ್ಟೈಲ್‌ಶೀಟ್ ಲಿಂಕಿನ ಕೊನೆಯಲ್ಲಿರುವ ಅಸೆಟ್ಸ್ ವರ್ಷನ್ ಸಂಖ್ಯೆಯನ್ನು ಒಂದು ಏರಿಸುತ್ತದೆ. ಬ್ರೌಸರಿಗೆ ಅದು ಹೊಸ ವಿಳಾಸ, ಹಾಗಾಗಿ ಹೊಸದಾಗಿ ತರುತ್ತದೆ. ಆದರೆ ಆ ಸಂಖ್ಯೆ ಅಂಟುವುದು ಸ್ಟೈಲ್‌ಶೀಟ್.ಸಿಎಸ್‌ಎಸ್‌ಗೆ ಮಾತ್ರ. ಒಳಗಿಂದ ಇಂಪೋರ್ಟ್ ಆದ ನಿಮ್ಮ ಕನ್ನಡ.ಸಿಎಸ್‌ಎಸ್ ವಿಳಾಸ ಬದಲಾಗಿಲ್ಲ, ಫೋನು ತನ್ನ ಹಳೆಯ ಪ್ರತಿಯನ್ನೇ ತೋರಿಸುತ್ತದೆ. ಪ್ರೊಸಿಲ್ವರಿನ ಇಂಪೋರ್ಟ್ ಸಾಲುಗಳ ಕೊನೆಯಲ್ಲಿ ಪ್ರಶ್ನಾರ್ಥಕ ಚಿಹ್ನೆ, ಆಮೇಲೆ ‘ಹ್ಯಾಶ್’ ಎಂದು ಇರುವುದು ಇದೇ ಕಾರಣಕ್ಕೆ. ನೀವು ನಿಯಮಗಳನ್ನು ನೇರವಾಗಿ ಸ್ಟೈಲ್‌ಶೀಟಿನಲ್ಲೇ, ಇಂಪೋರ್ಟುಗಳ ಕೆಳಗೆ ಬರೆಯಿರಿ. ಗೊಂದಲ ಮುಗಿಯಿತು.

ಶೀರ್ಷಿಕೆ ತುಂಡಾಗುವುದು ಸಿಎಸ್‌ಎಸ್ ತಪ್ಪಲ್ಲ. ಪಿಎಚ್‌ಪಿಬಿಬಿ ಕೊನೆಯ ಪೋಸ್ಟಿನ ಶೀರ್ಷಿಕೆಯನ್ನು 30 ಅಕ್ಷರಕ್ಕೆ ಕತ್ತರಿಸಿಯೇ ಟೆಂಪ್ಲೇಟಿಗೆ ಕೊಡುತ್ತದೆ. ಅದು ಎಣಿಸುವುದು ಯೂನಿಕೋಡ್ ಸಂಕೇತಗಳನ್ನು, ನಾವು ಓದುವ ಅಕ್ಷರಗಳನ್ನಲ್ಲ. ‘ಸ್ತ್ರೀ’ ನಮಗೆ ಒಂದು ಅಕ್ಷರ, ಅದಕ್ಕೆ ಆರು: ಸ, ಹಲಂತ, ತ, ಹಲಂತ, ರ, ದೀರ್ಘದ ಗುರುತು. ಹಾಗಾಗಿ ಕನ್ನಡದ ಶೀರ್ಷಿಕೆ ಅರ್ಧ ದಾರಿಯಲ್ಲೇ ನಿಲ್ಲುತ್ತದೆ, ಕತ್ತರಿ ಹಲಂತದ ಮೇಲೆ ಬಿದ್ದರೆ ‘ಬೆಟ್…’ ಆಗುತ್ತದೆ. ಕೋರ್ ಪಿಎಚ್‌ಪಿ ಫೈಲಿನಲ್ಲಿ 30 ಬದಲಿಸಬೇಡಿ. ಟೆಂಪ್ಲೇಟಿಗೆ ಪೂರ್ತಿ ಶೀರ್ಷಿಕೆಯೂ ಬರುತ್ತದೆ. ಪ್ರೊಸಿಲ್ವರಿನ ಟೆಂಪ್ಲೇಟ್ ಫೋಲ್ಡರಿನಿಂದ ಫೋರಂಲಿಸ್ಟ್_ಬಾಡಿ.ಎಚ್‌ಟಿಎಮ್‌ಎಲ್ ಒಂದನ್ನೇ ನಿಮ್ಮ ಸ್ಟೈಲಿನ ಟೆಂಪ್ಲೇಟ್ ಫೋಲ್ಡರಿಗೆ ಪ್ರತಿ ಮಾಡಿ. ಅದರಲ್ಲಿ ‘ಲಾಸ್ಟ್‌ಸಬ್ಜೆಕ್ಟ್’ ಕ್ಲಾಸಿನ ಲಿಂಕ್ ಹುಡುಕಿ. ಲಿಂಕಿನ ಟೈಟಲ್‌ನಲ್ಲಿ ‘ಲಾಸ್ಟ್_ಪೋಸ್ಟ್_ಸಬ್ಜೆಕ್ಟ್’, ಕಾಣುವ ಬರಹದಲ್ಲಿ ಅದೇ ಹೆಸರಿಗೆ ‘_ಟ್ರಂಕೇಟೆಡ್’ ಸೇರಿಸಿದ ಇನ್ನೊಂದು ವೇರಿಯಬಲ್ ಇದೆ. ಆ ಬಾಲವನ್ನು ತೆಗೆಯಿರಿ, ಅಷ್ಟೆ. ಆಮೇಲೆ ಸಿಎಸ್‌ಎಸ್‌ನಲ್ಲಿ ಆ ಲಿಂಕಿಗೆ ಡಿಸ್‌ಪ್ಲೇ ಬ್ಲಾಕ್, ವೈಟ್-ಸ್ಪೇಸ್ ನೋರ‍್ಯಾಪ್, ಓವರ್‌ಫ್ಲೋ ಹಿಡನ್, ಟೆಕ್ಸ್ಟ್-ಓವರ್‌ಫ್ಲೋ ಎಲಿಪ್ಸಿಸ್ ಕೊಡಿ. ಬ್ರೌಸರ್ ಕಾಲಂ ಅಗಲ ನೋಡಿ ತಾನೇ ಮೊಟಕು ಮಾಡುತ್ತದೆ. ಓವರ್‌ಫ್ಲೋ ಹಿಡನ್ ಬಂದಾಗ ಅಘನಾಶಿನಿಯವರು ಹೇಳಿದ ಪ್ಯಾಡಿಂಗ್-ಬಾಟಮ್ ಇಲ್ಲಿಗೂ ಬೇಕು, 0.3 ಎಮ್ ಸಾಕು.

ಇಲ್ಲಿ ಒಂದು ಎಚ್ಚರಿಕೆ. ಟೆಂಪ್ಲೇಟ್ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ಆನ್ಸಿಯಲ್ಲಿ ಉಳಿಸಿದರೆ ನೀವು ಬರೆದ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆ ಆಗುತ್ತದೆ. ಯುಟಿಎಫ್-8 ವಿತ್ ಬಾಮ್ (ಫೈಲಿನ ಮೊದಲಿಗೆ ಕಾಣದ ಗುರುತು ಇರುವುದು) ಎಂದು ಉಳಿಸಿದರೆ ಪುಟದ ತಲೆಯಲ್ಲಿ ಕಾರಣವಿಲ್ಲದೆ ಖಾಲಿ ಜಾಗ ಬರುತ್ತದೆ. ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನಲ್ಲಿ ಎನ್‌ಕೋಡಿಂಗ್ ಮೆನುವಿನ ‘ಯುಟಿಎಫ್-8’, ಬಾಮ್ ಇಲ್ಲದ್ದು, ಆರಿಸಿ.

ಸೂಚನಾ ಪಟ್ಟಿಗೆ ಓವರಾಲ್_ಹೆಡರ್.ಎಚ್‌ಟಿಎಮ್‌ಎಲ್ ಪ್ರತಿ ಮಾಡಿ ತಿದ್ದುವವರು ಬಹಳ ಇದ್ದಾರೆ. ನನ್ನ ಪ್ರಕಾರ ಅದು ಬೇಡ. ಅಪ್‌ಡೇಟಿನಲ್ಲಿ ಹೆಡರ್ ಬದಲಾದಾಗ ನಿಮ್ಮ ಪ್ರತಿ ಹಳೆಯದಾಗಿ ಉಳಿಯುತ್ತದೆ, ಎಲ್ಲಾ ಪುಟಕ್ಕೂ ಪೆಟ್ಟು. ಪಿಎಚ್‌ಪಿಬಿಬಿ 3.1ರಿಂದ ಟೆಂಪ್ಲೇಟ್ ಈವೆಂಟ್ ಎಂಬ ವ್ಯವಸ್ಥೆ ಇದೆ. ಹೆಡರಿನ ನಡುನಡುವೆ ಹೆಸರಿಟ್ಟ ಖಾಲಿ ಜಾಗಗಳಿವೆ, ಎಕ್ಸ್‌ಟೆನ್ಷನ್ (ಹೊರಗಿನಿಂದ ಜೋಡಿಸುವ ತಂತ್ರಾಂಶ) ಒಂದರ ಮೂಲಕ ಅಲ್ಲಿ ನಿಮ್ಮ ತುಣುಕನ್ನು ಸೇರಿಸಬಹುದು. ‘ಓವರಾಲ್_ಹೆಡರ್_ನ್ಯಾವ್‌ಬಾರ್_ಬಿಫೋರ್’ ನಿಮಗೆ ಸರಿಹೊಂದುತ್ತದೆ, ಲೋಗೋ ಕೆಳಗೆ ಮೆನುವಿನ ಮೇಲೆ ಬರುತ್ತದೆ. ಎಕ್ಸ್ಟ್ ಫೋಲ್ಡರಿನಲ್ಲಿ ಎರಡು ಹಂತದ ಫೋಲ್ಡರ್ ಬೇಕು, ಮೊದಲು ತಯಾರಕರ ಹೆಸರು, ಒಳಗೆ ಎಕ್ಸ್‌ಟೆನ್ಷನ್ ಹೆಸರು. ಎರಡರಲ್ಲೂ ಇಂಗ್ಲಿಷ್ ಸಣ್ಣ ಅಕ್ಷರ, ಅಂಕಿ ಮಾತ್ರ. ಅದರೊಳಗೆ ಕಂಪೋಸರ್.ಜೇಸನ್, ಟೈಪ್ ಎದುರು ‘ಪಿಎಚ್‌ಪಿಬಿಬಿ-ಎಕ್ಸ್‌ಟೆನ್ಷನ್’ ಎಂದಿರಲಿ. ಆಮೇಲೆ ಸ್ಟೈಲ್ಸ್, ಆಲ್, ಟೆಂಪ್ಲೇಟ್, ಈವೆಂಟ್ ಎಂದು ಒಂದರೊಳಗೊಂದು ಫೋಲ್ಡರ್. ಕೊನೆಯದರಲ್ಲಿ ಈವೆಂಟಿನದೇ ಹೆಸರಿನ ಎಚ್‌ಟಿಎಮ್‌ಎಲ್ ಫೈಲ್. ಕಸ್ಟಮೈಸ್ ಟ್ಯಾಬಿನ ‘ಮ್ಯಾನೇಜ್ ಎಕ್ಸ್‌ಟೆನ್ಷನ್ಸ್’ನಲ್ಲಿ ಎನೇಬಲ್ ಮಾಡಿ. ಪಟ್ಟಿಯಲ್ಲಿ ಸರಿಯಾಗಿ ಬರದಿದ್ದರೆ ಎರಡು ಕಾರಣ ನೋಡಿ: ಜೇಸನ್‌ನಲ್ಲಿ ಕೊನೆಯ ಸಾಲಿನ ನಂತರ ಅಲ್ಪವಿರಾಮ ಉಳಿದಿರುವುದು, ಅಥವಾ ಜಿಪ್ ಬಿಚ್ಚುವಾಗ ಫೋಲ್ಡರ್ ಒಂದು ಹಂತ ಹೆಚ್ಚಾಗಿರುವುದು.

ಇಷ್ಟು ಮಾಡಲು ಬೇಸರವಾದರೆ ಪಿಎಚ್‌ಪಿಬಿಬಿ ತಂಡದ್ದೇ ‘ಬೋರ್ಡ್ ಅನೌನ್ಸ್‌ಮೆಂಟ್ಸ್’ ಎಕ್ಸ್‌ಟೆನ್ಷನ್ ಇದೆ. ಅಡ್ಮಿನ್ ಪ್ಯಾನೆಲ್ಲಿನಿಂದಲೇ ಸೂಚನೆ ಬದಲಿಸಬಹುದು, ಬೋರ್ಡೋ ಹೋಗಿ ದರ ಬರಬೇಕಾದಾಗ ಎಫ್‌ಟಿಪಿ ತೆರೆಯಬೇಕಿಲ್ಲ. ನಿಮ್ಮ ಬಳಕೆಗೆ ಇದೇ ವಾಸಿ.

ಬೇಣದಗದ್ದೆ (ಯಲ್ಲಾಪುರ)

ಅಘನಾಶಿನಿಯವರ ವೆಬ್‌ಫಾಂಟ್ ಮಾತಿಗೆ ಒಂದು ತಕರಾರು. ಘಟ್ಟದ ಮೇಲಿನ ಊರುಗಳಲ್ಲಿ, ಅದರಲ್ಲೂ ಮಳೆಗಾಲದಲ್ಲಿ ಕರೆಂಟು ಹೋಗಿ ಟವರ್ ಕೈಕೊಟ್ಟಾಗ ನೆಟ್‌ವರ್ಕ್ ಹೇಗಿರುತ್ತದೆ ಗೊತ್ತಲ್ಲ. ಆಂಡ್ರಾಯ್ಡ್ ಫೋನಿನಲ್ಲಿ ನೋಟೋ ಕನ್ನಡ ಮೊದಲೇ ಇದೆ. ಅದೇ ಫಾಂಟನ್ನು ಮತ್ತೆ ಇಳಿಸುವುದು ಏಕೆ? ವೆಬ್‌ಫಾಂಟ್ ಬೇಕೇ ಬೇಕಾದರೆ ಅದನ್ನು ಬಳಸುವ ಫಾಂಟ್-ಫ್ಯಾಮಿಲಿ ನಿಯಮವನ್ನು ‘ಮಿನ್-ವಿಡ್ತ್ 701 ಪಿಕ್ಸೆಲ್’ ಮೀಡಿಯಾ ಕ್ವೆರಿಯ ಒಳಗೆ ಇಡಿ, ಆ ವೆಬ್‌ಫಾಂಟಿಗೆ ಫೋನಿನಲ್ಲಿರುವುದಕ್ಕಿಂತ ಬೇರೆ ಹೆಸರು ಕೊಡಿ. ಬ್ರೌಸರ್ ಬಳಕೆಗೆ ಬಂದ ಫಾಂಟನ್ನು ಮಾತ್ರ ಇಳಿಸುತ್ತದೆ, ಹಾಗಾಗಿ ಫೋನಿಗೆ ಹೊರೆ ಬೀಳುವುದಿಲ್ಲ.

ಜೊತೆಗೆ, ಜನರಲ್ ಟ್ಯಾಬಿನ ಲೋಡ್ ಸೆಟ್ಟಿಂಗ್ಸ್‌ನಲ್ಲಿ ಮೂರನೆಯವರ ಸಿಡಿಎನ್ (ಫೈಲುಗಳನ್ನು ಹಂಚುವ ಹೊರಗಿನ ಸರ್ವರ್) ಬಳಸಲು ಅನುಮತಿ ಕೊಡುವ ಆಯ್ಕೆ ಇದೆ. ಅದು ಯೆಸ್ ಇದ್ದರೆ ಪ್ರೊಸಿಲ್ವರ್ ಓಪನ್ ಸ್ಯಾನ್ಸ್ ಫಾಂಟನ್ನು ಗೂಗಲ್‌ನಿಂದ ತರಿಸುತ್ತದೆ. ಓಪನ್ ಸ್ಯಾನ್ಸ್‌ನಲ್ಲಿ ಕನ್ನಡವೇ ಇಲ್ಲ, ನಿಮಗೆ ಅದರಿಂದ ಏನೂ ಉಪಯೋಗವಿಲ್ಲ. ನೋ ಮಾಡಿ.

ಇಂಪೋರ್ಟ್ ವಿಷಯದಲ್ಲೂ ಹಾಗೆಯೇ. ನಿಮ್ಮ ಸ್ಟೈಲ್‌ಶೀಟ್ ಪ್ರೊಸಿಲ್ವರಿನ ಸ್ಟೈಲ್‌ಶೀಟನ್ನು ಕರೆದು, ಅದು ಮತ್ತೆ ನಾರ್ಮಲೈಸ್, ಬೇಸ್, ಕಾಮನ್, ಲಿಂಕ್ಸ್, ಕಂಟೆಂಟ್, ಬಟನ್ಸ್, ಫಾರ್ಮ್ಸ್, ಕಲರ್ಸ್, ರೆಸ್ಪಾನ್ಸಿವ್ ಎಂದು ಒಂದೊಂದನ್ನೇ ಕರೆದರೆ ಮೂರು ಹಂತ. ಮೊದಲ ಫೈಲ್ ಬಂದ ಮೇಲೆಯೇ ಎರಡನೆಯದು ಬೇಕು ಎಂದು ಬ್ರೌಸರಿಗೆ ತಿಳಿಯುವುದು. ಪ್ರೊಸಿಲ್ವರಿನ ಸ್ಟೈಲ್‌ಶೀಟಿನಲ್ಲಿರುವ ಇಂಪೋರ್ಟ್ ಸಾಲುಗಳನ್ನೇ, ಅದೇ ಕ್ರಮದಲ್ಲಿ, ದಾರಿ ತಿದ್ದಿ ನಿಮ್ಮ ಫೈಲಿಗೆ ಹಾಕಿ; ಒಂದು ಹಂತ ಕಡಿಮೆಯಾಗುತ್ತದೆ. ಎಲ್ಲವನ್ನೂ ಒಂದೇ ಫೈಲಿಗೆ ಹೊಲಿದರೆ ಇನ್ನೂ ಚುರುಕು, ಆದರೆ ಆಗ ಚಿತ್ರಗಳ ವಿಳಾಸಗಳೆಲ್ಲ ತಪ್ಪುತ್ತವೆ, ‘./ಇಮೇಜಸ್’ ಎಂದಿದ್ದಲ್ಲೆಲ್ಲ ಪ್ರೊಸಿಲ್ವರಿನ ಥೀಮ್ ಫೋಲ್ಡರಿನ ದಾರಿ ಹಾಕಬೇಕು. ಅಪ್‌ಡೇಟ್ ಬಂದಾಗ ಮತ್ತೆ ಹೊಲಿಯಬೇಕು ಕೂಡ. ನೀವು ಮೊದಲನೆಯದನ್ನೇ ಮಾಡಿ.

ಇನ್ನೊಂದು, ಬಹಳ ಜನ ಎಡವುವ ಜಾಗ. ನಿಮ್ಮ ನಿಯಮಗಳು ಇಂಪೋರ್ಟುಗಳ ನಂತರ ಬರುತ್ತವೆ, ಅಂದರೆ ರೆಸ್ಪಾನ್ಸಿವ್.ಸಿಎಸ್‌ಎಸ್‌ನ ನಂತರವೂ. ‘ಪೋಸ್ಟ್‌ಪ್ರೊಫೈಲ್’ ಅಗಲ 18 ಪ್ರತಿಶತ ಎಂದು ಸುಮ್ಮನೆ ಬರೆದರೆ ಕಂಪ್ಯೂಟರಿನಲ್ಲಿ ಚೆಂದ ಕಾಣುತ್ತದೆ. ಫೋನಿನಲ್ಲಿ, 700 ಪಿಕ್ಸೆಲ್‌ಗಿಂತ ಕಿರಿದಾದ ಪರದೆಗೆಂದು ಪ್ರೊಸಿಲ್ವರ್ ಬರೆದಿಟ್ಟ ಪೂರ್ತಿ ಅಗಲದ ನಿಯಮವನ್ನೂ ಅದು ಸೋಲಿಸುತ್ತದೆ. ಅಗಲ, ಫ್ಲೋಟ್, ಮಾರ್ಜಿನ್ ಮುಟ್ಟುವ ಪ್ರತಿ ನಿಯಮವನ್ನೂ ‘ಮಿನ್-ವಿಡ್ತ್ 701’ರ ಒಳಗೆ ಬರೆಯಿರಿ. ಬಣ್ಣ, ಲೈನ್-ಹೈಟ್ ಹೊರಗಿದ್ದರೆ ತೊಂದರೆ ಇಲ್ಲ.

ಬರೆಯುವ ಪೆಟ್ಟಿಗೆ, ಹುಡುಕುವ ಪೆಟ್ಟಿಗೆಗಳಿಗೆ 16 ಪಿಕ್ಸೆಲ್ ಕೊಡಿ. ಅದಕ್ಕಿಂತ ಚಿಕ್ಕದಿದ್ದರೆ ಐಫೋನಿನ ಸಫಾರಿ ಮುಟ್ಟಿದ ಕೂಡಲೇ ಪುಟವನ್ನು ಹಿಗ್ಗಿಸುತ್ತದೆ.

ಗೇರುಬೀಡು (ಅಂಕೋಲೆ)

ಇಷ್ಟೆಲ್ಲ ತಾಪತ್ರಯಕ್ಕಿಂತ ಡಿಸ್ಕೋರ್ಸ್ ಎಂಬ ಇನ್ನೊಂದು ಚರ್ಚಾತಾಣದ ತಂತ್ರಾಂಶಕ್ಕೆ ಹೋಗಬಾರದೇ ಮಾರಾಯ್ರೆ? ಅಲ್ಲಿ ಥೀಮ್ ಕಾಂಪೊನೆಂಟ್ ಎಂದು ಸಣ್ಣ ಸಣ್ಣ ತುಣುಕುಗಳಾಗಿ ಬದಲಾವಣೆ ಇಡಬಹುದು, ಬೇಡವಾದ ತುಣುಕನ್ನು ಬಿಚ್ಚಿಡಬಹುದು. ಕೋರ್ ಮುಟ್ಟುವ ಪ್ರಶ್ನೆಯೇ ಬರುವುದಿಲ್ಲ.

ಕೂರ್ಮಗಡ (ಕಾರವಾರ)

ಡಿಸ್ಕೋರ್ಸ್‌ನ ಥೀಮ್ ವ್ಯವಸ್ಥೆ ಅಚ್ಚುಕಟ್ಟು, ಒಪ್ಪುತ್ತೇನೆ. ಆದರೆ ಅದು ಡಾಕರ್ (ತಂತ್ರಾಂಶವನ್ನು ಪ್ರತ್ಯೇಕ ಪೊಟ್ಟಣದಲ್ಲಿ ನಡೆಸುವ ವ್ಯವಸ್ಥೆ) ಮೇಲೆ ನಡೆಯುವಂಥದ್ದು, ಕನಿಷ್ಠ 1 ಜಿಬಿ ರ‍್ಯಾಮ್ ಇರುವ ಸ್ವಂತ ಸರ್ವರ್ ಬೇಕು, ಜೊತೆಗೆ ಸ್ವಾಪ್. ಷೇರ್ಡ್ ಹೋಸ್ಟಿಂಗಿನಲ್ಲಿ ಆಗುವ ಕೆಲಸವಲ್ಲ. ಲೈನ್-ಹೈಟ್, ಫಾಂಟ್ ಅಲ್ಲೂ ಕನ್ನಡಕ್ಕೆ ಹೊಂದಿಸಲೇಬೇಕು. ಮೈಬಿಬಿ ಎಂಬ ಮತ್ತೊಂದು ಚರ್ಚಾತಾಣದ ತಂತ್ರಾಂಶವನ್ನೂ ಕೆಲವರು ಹೇಳುತ್ತಾರೆ. ಅದರಲ್ಲಿ ಟೆಂಪ್ಲೇಟುಗಳು ಡೇಟಾಬೇಸಿನಲ್ಲಿರುತ್ತವೆ, ಅಡ್ಮಿನ್ ಪ್ಯಾನೆಲ್ಲಿನಿಂದಲೇ ತಿದ್ದಬಹುದು, ಅಪ್‌ಡೇಟ್ ಆದ ಮೇಲೆ ‘ಫೈಂಡ್ ಅಪ್‌ಡೇಟೆಡ್ ಟೆಂಪ್ಲೇಟ್ಸ್’ ಯಾವುದು ಹಳೆಯದಾಗಿದೆ ಎಂದು ತೋರಿಸುತ್ತದೆ. ಹೊಸದಾಗಿ ಶುರು ಮಾಡುವವರು ಯೋಚಿಸಲಿ. ನಡೆಯುತ್ತಿರುವ ತಾಣವನ್ನು ಬರೀ ಥೀಮಿಗಾಗಿ ಸಾಗಿಸಬೇಕಿಲ್ಲ.

ತೋಟದಂಚು (ಶಿರಸಿ)

ಸಾಗಿಸುವ ಯೋಚನೆ ಇಲ್ಲ. ಬೋರ್ಡ್ ಅನೌನ್ಸ್‌ಮೆಂಟ್ಸ್ ಹಾಕಿದೆ, ಚೆನ್ನಾಗಿದೆ. ಫೋರಂಲಿಸ್ಟ್_ಬಾಡಿ ತಿದ್ದಿದೆ, ‘ಯಲ್ಲಾಪುರ ಕೆಂಪುಗೋಟು ಮತ್ತು ಬೆಟ್ಟೆ ದರ’ ಪೂರ್ತಿ ಬಂತು. ಉಳಿದದ್ದು ಎರಡು. ಮುಂದಿನ ಅಪ್‌ಡೇಟ್ ಬಂದಾಗ ಈ ಒಂದು ಟೆಂಪ್ಲೇಟಿಗೆ ಏನು ಮಾಡಬೇಕು? ಟೆಂಪ್ಲೇಟಿನಲ್ಲಿ ತಪ್ಪಾಗಿ ತಾಣವೇ ತೆರೆಯದಿದ್ದರೆ ಅಡ್ಮಿನ್ ಪ್ಯಾನೆಲ್ಲಿಗೆ ಹೋಗುವುದು ಹೇಗೆ?

ಕೂರ್ಮಗಡ (ಕಾರವಾರ)

ಅಪ್‌ಡೇಟಿಗೆ ಮುಂಚೆ ಈಗಿನ ಪ್ರೊಸಿಲ್ವರಿನ ಫೋರಂಲಿಸ್ಟ್_ಬಾಡಿಯ ಪ್ರತಿಯನ್ನು ನಿಮ್ಮ ಕಂಪ್ಯೂಟರಿನಲ್ಲಿ ಇಟ್ಟುಕೊಳ್ಳಿ. ಅಪ್‌ಡೇಟ್ ಆದ ಮೇಲೆ ಹಳೆಯ ಪ್ರೊಸಿಲ್ವರ್ ಪ್ರತಿಯನ್ನೂ ಹೊಸದನ್ನೂ ವಿನ್‌ಮರ್ಜ್ ಅಥವಾ ಮೆಲ್ಡ್‌ನಲ್ಲಿ ಹೋಲಿಸಿ. ವ್ಯತ್ಯಾಸ ಇಲ್ಲದಿದ್ದರೆ ಕೆಲಸವೇ ಇಲ್ಲ. ಇದ್ದರೆ ಹೊಸ ಫೈಲನ್ನು ನಿಮ್ಮ ಸ್ಟೈಲಿಗೆ ಪ್ರತಿ ಮಾಡಿ ಆ ಒಂದು ತಿದ್ದುಪಡಿಯನ್ನು ಮತ್ತೆ ಹಾಕಿ. ಹಳೆಯದಕ್ಕೆ ಹೊಸ ಸಾಲು ಸೇರಿಸುತ್ತಾ ಹೋಗಬೇಡಿ. ನಿಮ್ಮ ತಿದ್ದುಪಡಿ ಒಂದೇ ಪದ, ಅವರ ಬದಲಾವಣೆ ಎಷ್ಟು ಕಡೆ ಇರುತ್ತದೋ ಗೊತ್ತಾಗುವುದಿಲ್ಲ. ತಿದ್ದಿದ ಜಾಗದಲ್ಲಿ ಎಚ್‌ಟಿಎಮ್‌ಎಲ್ ಕಾಮೆಂಟಿನಲ್ಲಿ ‘ಅಡಿಕೆ ತಿದ್ದುಪಡಿ’ ಎಂದು ಗುರುತು ಹಾಕಿದ್ದರೆ ಮುಂದಿನ ವರ್ಷ ನಿಮ್ಮ ಬದಲು ಬೇರೆ ಯಾರೇ ಮಾಡಿದರೂ ಸಿಗುತ್ತದೆ. ಇಂಪೋರ್ಟ್ ಸಾಲುಗಳ ಹ್ಯಾಶ್‌ಗಳನ್ನೂ ಹೊಸ ಪ್ರೊಸಿಲ್ವರಿನಿಂದ ಮತ್ತೆ ತಂದುಕೊಳ್ಳಿ, ಇಲ್ಲದಿದ್ದರೆ ಮೇಲೆ ಹೇಳಿದ ಹಳೆಯ ಪ್ರತಿಯ ತೊಂದರೆ ಇಲ್ಲೂ ಬರುತ್ತದೆ.

ತಾಣ ತೆರೆಯದಿದ್ದರೂ ಅಡ್ಮಿನ್ ಪ್ಯಾನೆಲ್ ಕೆಲಸ ಮಾಡುತ್ತದೆ. ಅದರ ಟೆಂಪ್ಲೇಟುಗಳು ಎಡಿಎಮ್ ಫೋಲ್ಡರಿನಲ್ಲಿ ಬೇರೆಯೇ ಇವೆ. ಟೆಂಪ್ಲೇಟ್ ತಿದ್ದುವಾಗ ಪ್ಯಾನೆಲ್ಲನ್ನು ಇನ್ನೊಂದು ಟ್ಯಾಬಿನಲ್ಲಿ ತೆರೆದೇ ಇಟ್ಟಿರಿ, ಏಕೆಂದರೆ ಅದರ ಲಿಂಕಿನಲ್ಲಿ ಸೆಷನ್ ಐಡಿ ಬೇಕು. ವಿಳಾಸವನ್ನು ಬರೀ ಕೈಯಲ್ಲಿ ಬರೆದರೆ ಮತ್ತೆ ಲಾಗಿನ್ ಕೇಳುತ್ತದೆ. ಟ್ಯಾಬ್ ಮುಚ್ಚಿಹೋಗಿದ್ದರೆ ಸಿಪ್ಯಾನೆಲ್‌ನ ಫೈಲ್ ಮ್ಯಾನೇಜರಿನಲ್ಲಿ ನಿಮ್ಮ ಸ್ಟೈಲಿನ ಫೋರಂಲಿಸ್ಟ್_ಬಾಡಿಯ ಹೆಸರು ಬದಲಿಸಿ. ಆಮೇಲೆ ಕ್ಯಾಶ್ ಫೋಲ್ಡರಿನೊಳಗಿನ ‘ಪ್ರೊಡಕ್ಷನ್’ ಫೋಲ್ಡರನ್ನು ಅಳಿಸಿ. ಕ್ಯಾಶ್ ಫೋಲ್ಡರನ್ನೇ ಅಳಿಸಬೇಡಿ, ಅದರಲ್ಲಿರುವ ಡಾಟ್ ಎಚ್‌ಟಿಆಕ್ಸೆಸ್ ಫೈಲೂ ಇರಲಿ. ಪುಟವನ್ನು ರಿಫ್ರೆಶ್ ಮಾಡಿದರೆ ತಾಯಿ ಸ್ಟೈಲಿನ ಟೆಂಪ್ಲೇಟಿಗೆ ತಾನೇ ಮರಳುತ್ತದೆ. ದೋಷದ ಸಂದೇಶದಲ್ಲಿ ಟ್ವಿಗ್ ಸಿಂಟ್ಯಾಕ್ಸ್ ಎಂದು ಬಂದು ಫೈಲಿನ ಹೆಸರು, ಸಾಲಿನ ಸಂಖ್ಯೆ ಇದ್ದರೆ ಆ ಸಾಲಿನಿಂದ ಮೇಲಕ್ಕೆ ಹುಡುಕಿ. ತೆರೆದ ‘ಇಫ್’ಗೆ ‘ಎಂಡ್‌ಇಫ್’ ಬಿಟ್ಟಿರುವುದೇ ಹೆಚ್ಚು.

ತಿದ್ದುವ ದಿನಗಳಲ್ಲಿ ಲೋಡ್ ಸೆಟ್ಟಿಂಗ್ಸ್‌ನ ‘ರೀಕಂಪೈಲ್ ಸ್ಟೇಲ್ ಸ್ಟೈಲ್ ಕಾಂಪೊನೆಂಟ್ಸ್’ ಯೆಸ್ ಇಡಿ, ಪ್ರತಿ ಸಲ ಪರ್ಜ್ ಮಾಡಬೇಕಿಲ್ಲ. ಕೆಲಸ ಮುಗಿದ ಮೇಲೆ ನೋ. ಅದು ಪ್ರತಿ ಪುಟಕ್ಕೂ ಫೈಲುಗಳ ದಿನಾಂಕ ನೋಡುತ್ತದೆ, ಷೇರ್ಡ್ ಹೋಸ್ಟಿಂಗಿನಲ್ಲಿ ಭಾರವಾಗುತ್ತದೆ.

ಅಘನಾಶಿನಿ (ಕುಮಟೆ)

ಒಂದು ಸೇರಿಸುವುದಿತ್ತು. ಭಾಷಾ ಪ್ಯಾಕ್ ಇಂಗ್ಲಿಷಿನದೇ ಇದ್ದರೆ ಪುಟದ ಲ್ಯಾಂಗ್ ಗುಣದಲ್ಲಿ ಇಂಗ್ಲಿಷ್ ಎಂದೇ ಇರುತ್ತದೆ. ಟಾಕ್‌ಬ್ಯಾಕ್‌ನಂಥ ಓದುವ ತಂತ್ರಾಂಶ ಕನ್ನಡವನ್ನು ಇಂಗ್ಲಿಷ್ ಧ್ವನಿಗೆ ಕೊಡುವ ಸಾಧ್ಯತೆ ಇದೆ. ಕಣ್ಣು ಮಂಜಾದ ಹಿರಿಯರು ಕೇಳಿಸಿಕೊಳ್ಳುವ ತಾಣವಾದರೆ ವ್ಯೂಟಾಪಿಕ್_ಬಾಡಿ.ಎಚ್‌ಟಿಎಮ್‌ಎಲ್ ಪ್ರತಿ ಮಾಡಿ, ಪೋಸ್ಟಿನ ಸಂದೇಶ ಬರುವ ‘ಕಂಟೆಂಟ್’ ಡಿವ್‌ಗೆ ಲ್ಯಾಂಗ್ ಎದುರು ಕನ್ನಡದ ಸಂಕೇತ ‘ಕೆಎನ್’ ಹಾಕಿ. ಅಪ್‌ಡೇಟಿನಲ್ಲಿ ಹೋಲಿಸಬೇಕಾದ ಫೈಲ್ ಒಂದು ಹೆಚ್ಚಾಗುತ್ತದೆ, ಆದರೆ ಈ ಬದಲಾವಣೆ ಅಷ್ಟು ಶ್ರಮಕ್ಕೆ ಯೋಗ್ಯ.

ದರದ ಹಳೆಯ ಪಟ್ಟಿಗಳನ್ನು ನುಡಿಯ ಆಸ್ಕಿ ಫಾಂಟಿನಲ್ಲಿ ಬರೆದ ಫೈಲಿನಿಂದ ಅಂಟಿಸುವವರು ಇದ್ದರೆ ಅದು ಚಿಹ್ನೆಗಳ ರಾಶಿಯಾಗಿ ಕಾಣುತ್ತದೆ. ಅದನ್ನು ಥೀಮಿನಲ್ಲಿ ಫಾಂಟ್ ಹಾಕಿ ಸರಿಮಾಡಲು ಹೋಗಬೇಡಿ. ಹುಡುಕಾಟದಲ್ಲೂ ಸಿಗುವುದಿಲ್ಲ, ಫೋನಿನಲ್ಲಿ ಪ್ರತಿ ಮಾಡಿದರೂ ಕೆಡುತ್ತದೆ. ಯೂನಿಕೋಡಿಗೆ ಪರಿವರ್ತಿಸಿಯೇ ಅಂಟಿಸಲು ಹೇಳಿ, ಆ ಸೂಚನೆಯನ್ನು ‘ಮಾರುಕಟ್ಟೆ ದರ’ ವಿಭಾಗದ ‘ಫೋರಂ ರೂಲ್ಸ್’ ಪೆಟ್ಟಿಗೆಯಲ್ಲಿ ಹಾಕಿದರೆ ಆ ವಿಭಾಗದ ತಲೆಯಲ್ಲೇ ಕಾಣುತ್ತದೆ.